ತಾನು ಹಚ್ಚದ ಹಳದಿ

ಆ ಹಳದಿ ಎಲ್ಲಿಂದ ಬಂತು, ಅಲ್ಲಿ, ಕೆಳಗೆ, ಕೆಂಪಿನ ಮೇಲೆ — ತಾನು ಹಳದಿ ಹಚ್ಚಿರಲಿಲ್ಲ, ಈ ಚಿತ್ರದಲ್ಲಿ ಹಳದಿಯೇ ಇರಲಿಲ್ಲ, ಇದನ್ನು ಬರೆದ ಆ ಮಳೆಗಾಲವಿಡೀ ಹಳದಿ ಟ್ಯೂಬಿನ ಮುಚ್ಚಳ ಕೂಡ ತೆರೆದಿರಲಿಲ್ಲ ಎಂಬುದು ಜ್ಯೋತ್ಸ್ನಾಳಿಗೆ ಚೆನ್ನಾಗಿ ನೆನಪಿದೆ, ಬಿಸಿಲಿರಬೇಕು, ಮೆಟ್ಟಿಲ ಮೇಲಿನ ಕಿಟಕಿಯಿಂದ ಓರೆಯಾಗಿ ಬಿದ್ದಿರಬೇಕು, ಆದರೆ ಬಿಸಿಲಾದರೆ ಹೊತ್ತೇರಿದಂತೆ ಸರಿಯಬೇಕು, ಇದು ಸರಿಯುತ್ತಿಲ್ಲ, ಕೂತಲ್ಲೇ ಕೂತಿದೆ, ಬೆರಳಗಲದ ಗೆರೆಗಳು, ಜೊತೆಜೊತೆಯಾಗಿ, ನಡುನಡುವೆ ಕುಂಕುಮದ ಚುಕ್ಕೆ, ಒಂದರ ಮೇಲೊಂದು, ಒಣಗಿ ಹಕ್ಕಳೆಯೆದ್ದದ್ದು, ಅದರ ಮೇಲೆ ನಿನ್ನೆ ಮೊನ್ನೆಯದು — ಯಾರೋ ಹಚ್ಚಿದ್ದಾರೆ, ಒಬ್ಬರಲ್ಲ, ಬಹಳ ಜನ, ತನ್ನ ಚಿತ್ರದ ಮೇಲೆ, ತನ್ನನ್ನು ಒಂದು ಮಾತು ಕೇಳದೆ. ದವಾಖಾನೆಯ ಫಿನಾಯಿಲ್ ವಾಸನೆ, ಅದರೊಳಗೆ ಎಲ್ಲಿಂದಲೋ ಅಜವಾನದ ಹೊಗೆ, ಒಳಗೊಂದು ಕೂಸು ಅಳುತ್ತಿದೆ, ಹೊರಗೆ ಪರಸಪ್ಪನ ಟೆಂಪೋ ನಿಂತಿದೆ, ಅವನು ಚಹಾ ಕುಡಿದು ಬರತೇನ್ರಿ ಅಕ್ಕಾರ ಎಂದು ಹೋದ, ಬಂದವನೇ ಹಗ್ಗ ಹಾಕಿ ಎತ್ತುತ್ತಾನೆ, ಹಳೆಯ ಕೌದಿ ಸುತ್ತುತ್ತಾನೆ, ಸವದತ್ತಿ ದಾಟಿ ರಾಮದುರ್ಗ, ಅಲ್ಲಿಂದ ಬೆಂಗಳೂರಿನ ಗಾಡಿ — ಶೈಲಜಾ ಎಂಬ ಆ ಹೆಣ್ಣುಮಗಳು, ಮುಖ ನೋಡಿದ್ದಿಲ್ಲ, ಬರೀ ಫೋನಿನ ದನಿ, ಗೆಳತಿ ಹರಿಪ್ರಿಯಾ ಎಲ್ಲೋ ಹಾಕಿದ ಫೋಟೋದಲ್ಲಿ ಈ ಚಿತ್ರ ನೋಡಿ, ಮೇಡಂ, ನಮ್ಮ ಪ್ರದರ್ಶನಕ್ಕೆ ಅದೇ ಬೇಕು, ಅದು ಬರದಿದ್ದರೆ ಆ ಗೋಡೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ತಪ್ಪು ತಿಳಿಯಬೇಡಿ. ತಪ್ಪು ಯಾಕೆ ತಿಳಿದಾಳು, ಇಷ್ಟು ವಯಸ್ಸಿಗೆ ಮೊದಲ ಸಲ ಯಾರೋ ಅದೇ ಬೇಕು ಎಂದಿದ್ದಾರೆ, ಅಕ್ಕಾರ, ಒಂದು ನವಿಲು ತಗದು ಕೊಡ್ರಿ ಅನ್ನದೆ ಅದೇ ಬೇಕು ಎಂದಿದ್ದಾರೆ, ಈ ಒಂದು ಚಿತ್ರ ಹೋದರೆ ಅವಳು ಚಿತ್ರಗಾರ್ತಿ, ಹೋಗದಿದ್ದರೆ ರಾಮದುರ್ಗದ ಸಾಲೆಯ ಡ್ರಾಯಿಂಗ್ ಅಕ್ಕಾರು, ಅಷ್ಟೇ, ಹಾಗೇ ನಿವೃತ್ತಿ. ಮತ್ತೆ ಈಗ ಈ ಹಳದಿ.

ಬೇರೆ ಚಿತ್ರ ಕಳಿಸೋಣವೆಂದರೆ ಬೇರೆ ಎಲ್ಲಿದೆ, ಇದರ ನಂತರ ಅವಳು ಬ್ರಷ್ಷು ಹಿಡಿದದ್ದು ಸಾಲೆಯ ಕರಿಹಲಗೆಯ ಅಂಚಿಗೆ ಬಳ್ಳಿ ಬರೆಯಲಿಕ್ಕೆ, ಸ್ವಾತಂತ್ರ್ಯ ದಿನಕ್ಕೆ ಫಲಕ ಬರೆಯಲಿಕ್ಕೆ — ಇದಕ್ಕೂ ಮೊದಲು ಒಂದೇ ಒಂದು ಪ್ರದರ್ಶನ, ರಾಮದುರ್ಗದ ವಾಚನಾಲಯದ ಮಹಡಿ, ಗೋಡೆಯ ತುಂಬ ಬರೀ ಬಣ್ಣ, ಆಕಾರವಿಲ್ಲ, ಗೆರೆಯಿಲ್ಲ, ಒಂದು ಬಣ್ಣ ಇನ್ನೊಂದರ ಮಗ್ಗುಲಲ್ಲಿ ಸುಮ್ಮನೆ ಇರುವುದು, ಅದು ಅವಳಿಗೆ ಎಷ್ಟು ಸೇರುತ್ತಿತ್ತೆಂದರೆ ಅದನ್ನು ಯಾರಾದರೂ ಏನು ಎಂದು ಕೇಳಬಹುದು ಎಂಬುದೇ ಹೊಳೆದಿರಲಿಲ್ಲ, ಆದರೆ ಜನ ಬಂದರು, ಬಂದವರೆಲ್ಲ ಕೇಳಿದರು, ಇದೇನ್ರಿ. ಬಟ್ಟೆ ಅಂಗಡಿಯವರು ಬಹಳ ಹೊತ್ತು ನಿಂತು, ಅವರಾದರೂ ನಿಂತರಲ್ಲ ಎಂದು ಇವಳ ಮುಖ ಅರಳುವಷ್ಟರಲ್ಲಿ, ಅಕ್ಕಾರ, ಈ ನೀಲಿ ಒಡಲಿಗೆ ಈ ಕೆಂಪಂಚು ಹಾಕಿದ್ರ ಮದವಿ ಸೀಸನ್ನಿನ್ಯಾಗ ಒಂದು ಸೀರಿ ಉಳಿಯೂದಿಲ್ಲ ನೋಡ್ರಿ ಎಂದರು, ಗಣಿತದ ಮಾಸ್ತರು ಮಧು ಅವರು, ಇದನ್ನ ನನ್ನ ಮಗಳೂ ತಗೀತಾಳ ಎಂದು ನಕ್ಕರು, ಅದನ್ನೆಲ್ಲ ಅವಳು ನಗುತ್ತಲೇ ನುಂಗಿದಳು, ನುಂಗಲಾಗದ್ದು ಆ ಮುದುಕರ ಮಾತು, ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ, ಒಂದೊಂದು ಚಿತ್ರವನ್ನೂ ಕಕ್ಕುಲಾತಿಯಿಂದ ನೋಡಿ ಹತ್ತಿರ ಬಂದು ಯಾರಿಗೂ ಕೇಳದಂತೆ, ಇನ್ನ ಮುಗದಿಲ್ಲೇನ್ರಿ ಅಕ್ಕಾರ, ಇರ್ಲಿ, ಅವಸರ ಮಾಡಬ್ಯಾಡ್ರಿ, ಸಾವಕಾಶ ಮುಗಸ್ರಿ. ಬೈದಿದ್ದರೆ ಸಿಟ್ಟು ಬರುತ್ತಿತ್ತು, ಆತ ಸಮಾಧಾನ ಹೇಳಿದ್ದರು. ಮಾರನೆಯ ದಿನ ಚಿತ್ರಗಳನ್ನು ಇಳಿಸಿ ಅಟ್ಟಕ್ಕೆ ಹಾಕಿದಳು, ಆಮೇಲೆ ಇಲಿ, ಆಮೇಲೆ ಮಲಪ್ರಭೆಯ ನೆರೆ ನೀರು, ಏನೂ ಉಳಿಯಲಿಲ್ಲ, ಅವಳೂ ಮರುಗಲಿಲ್ಲ, ಮುಗಿಯದ್ದು ತಾನೇ ಮುಗಿಯಿತು ಎಂದುಕೊಂಡಳು. ಎರಡು ವರ್ಷ ಬಿಟ್ಟು ಹರಿಪ್ರಿಯಾಳ ಫೋನು.

ಒಂದೇ ಬೆಂಚಿನ ಮೇಲೆ ಕೂತು ಕಲಿತ ಗೆಳತಿ, ಈಗ ಈ ದವಾಖಾನೆಯ ಡಾಕ್ಟರು, ಈ ಹೊತ್ತು ಒಳಗೆ ಯಾರದೋ ಆಪರೇಶನ್ನಿನಲ್ಲಿದ್ದಾಳೆ — ಜ್ಯೋತಿ, ನನಗೊಂದು ಚಿತ್ರ ಬೇಕಾಗೇದ, ಹೆರಿಗಿ ಕೋಣಿ ಮಗ್ಗಲ ಗ್ವಾಡಿಗೆ ಮಂದಿ ಎಲಿ ಅಡಿಕಿ ಉಗುಳತಾರ, ದೇವರ ಫೋಟೋ ಹಾಕ್ರಿ, ಉಗುಳೂದಿಲ್ಲ ಅಂತಾರ ಎಲ್ಲಾರೂ, ಆದರ ಇಲ್ಲಿ ಎಲ್ಲಾ ಮನಿತನದವರೂ ಬರತಾರ, ಯಾರ ದೇವರನ್ನ ಹಾಕಲಿ, ನಗೂ ಕೂಸಿನ ಫೋಟೋನೂ ಬ್ಯಾಡ, ಕೂಸು ಉಳೀದೆ ಹೋಗೋರೂ ಅದರ ಮುಂದನ ಹೋಗಬೇಕಲ್ಲ, ಏನೂ ಇಲ್ಲದ್ದು ಒಂದು ತಗದು ಕೊಡು, ನೀ ಹೆಂಗೂ ಅದನ್ನ ತಗಿಯಾಕಿ. ಏನೂ ಇಲ್ಲದ್ದನ್ನು ತೆಗೆಯುವಾಕೆ, ಎಷ್ಟು ಚಂದದ ಬಿರುದು, ಹರಿಪ್ರಿಯಾ ಬಿಟ್ಟು ಬೇರೆ ಯಾರು ಕೊಟ್ಟಾರು — ನಗು ಬಂತು, ನಗುತ್ತಲೇ ಕ್ಯಾನ್ವಾಸು ಬಿಗಿದಳು, ಬಾಗಿಲಷ್ಟು ಎತ್ತರದ್ದು, ಮೇಲೆ ಬೂದಿ ಬಿಳುಪು, ನಡುವೆ ಕಪ್ಪಿಗೆ ಹತ್ತಿದ ನೀಲಿ, ಅದರ ಪಾಡಿಗೆ ಅದು ಬಂತು, ಕೆಳಗಿನ ಪಟ್ಟಿಗೆ ಮಾತ್ರ ಕೆಂಪು ಕೂಡಿಬರಲಿಲ್ಲ, ಟ್ಯೂಬಿನ ಕೆಂಪೆಲ್ಲ ಮೆರೆಯುತ್ತದೆ, ತನಗೆ ಬೇಕಾದದ್ದು ಮೆರೆಯದ ಕೆಂಪು, ತಾನಾಗಿ ಕೆಳಗೆ ಕೂತಿರುವ ಕೆಂಪು, ಕಡೆಗೆ ಅವ್ವನ ಡಬ್ಬಿಯಿಂದ ಕೆಮ್ಮಣ್ಣು ಕದ್ದು ಅಂಟು ಕಲಸಿ ಹಚ್ಚಿದಳು. ಬಣ್ಣ ಇಳಿಯಬಾರದೆಂದು ಚಿತ್ರವನ್ನು ಹಿತ್ತಲ ಪಡಸಾಲೆಯಲ್ಲಿ ಮಲಗಿಸಿದ್ದು, ಅಡುಗೆಮನೆಯ ಬಾಗಿಲಿಗೆ ಅಡ್ಡ, ಅವ್ವ ಕಮಲಾಬಾಯಿ ನೀರಿಗೆ ಹೋಗುವಾಗ ಬರುವಾಗ ಅದನ್ನು ದಾಟಲೇಬೇಕು, ಮಡಿಸೀರೆಯ ನೆರಿಗೆ ಎತ್ತಿ, ಒಂದು ಗಳಿಗೆ ತಡೆದು, ಬಲಗಾಲು ಮುಂದಿಟ್ಟು ದಾಟುತ್ತಿದ್ದಳು, ಮಡಿಗೆ ಬಣ್ಣ ಹತ್ತೀತೆಂಬ ಅಂಜಿಕೆ ಅವ್ವನಿಗೆ ಎಂದುಕೊಂಡಿದ್ದಳು ಜ್ಯೋತ್ಸ್ನಾ. ಅವ್ವ ಚಿತ್ರದ ಬಗ್ಗೆ ಆಡಿದ್ದು ಒಂದೇ ಮಾತು, ಕೆಳಗಿಂದು ಛಲೋ ಬಂದದ. ಮೇಲಿನ ಎರಡಕ್ಕೆ ತಾನು ಎಷ್ಟು ಒದ್ದಾಡಿದ್ದೆ, ಅವ್ವನ ಕಣ್ಣಿಗೆ ಬಿದ್ದದ್ದು ತನ್ನದೇ ಡಬ್ಬಿಯ ಮಣ್ಣು ಎಂದು ಇವಳಿಗೆ ಒಳಗೊಳಗೇ ಮುನಿಸು.

ಮತ್ತೆ ಪರಸಪ್ಪ, ಆಗಲೂ ಇದೇ ಪರಸಪ್ಪ, ಇದೇ ಟೆಂಪೋ, ಮಳೆಗಾಲ, ಕೆಮ್ಮಣ್ಣು ಒಣಗಲೊಲ್ಲದು, ಎತ್ತಬ್ಯಾಡೋ, ಹಸಿ ಅದ ಅನ್ನುವುದರೊಳಗೆ ಎತ್ತಿ ಮೂಲೆಯಲ್ಲಿ ಹೆಬ್ಬೆರಳು ಒತ್ತಿಬಿಟ್ಟ, ಅವಳು ಅಳುವುದೊಂದೇ ಬಾಕಿ, ಹಸಿ ಚಿತ್ರವನ್ನು ಜಾಗ ಬಿಟ್ಟು ಕದಲಿಸಬಾರದು ಎಂದು ಧಾರವಾಡದಲ್ಲಿ ಕಲಿಸಿದ ಗುರುಗಳು ಕೈ ಮೇಲೆ ಹೊಡೆದು ಹೇಳಿದ್ದರು, ಅದನ್ನೇ ಪರಸಪ್ಪನಿಗೆ ಹೇಳಿದಳು, ಅವನು ಕಿವಿ ಹಿಡಿದುಕೊಂಡ, ಆ ಹೆಬ್ಬೆರಳು ಈಗಲೂ ಬಲಮೂಲೆಯಲ್ಲಿದೆ, ಅಗೋ. ಇಲ್ಲಿ ತಂದ ಮೇಲೆ ಮೊಳೆ ಹೊಡೆಯಲಾಗಲಿಲ್ಲ, ಗೋಡೆಯೊಳಗೆ ನೀರಿನ ಪೈಪು, ಅದಕ್ಕೇ ನೆಲದ ಮೇಲೆ ನಿಲ್ಲಿಸಿ ಗೋಡೆಗೆ ಆನಿಸಿದ್ದು, ಇರ್ಲಿ ಬಿಡು, ನಿಂತರೇನು ತೂಗಿದರೇನು ಎಂದಳು ಹರಿಪ್ರಿಯಾ, ಅಂದಿನಿಂದ ಹೀಗೇ ನಿಂತಿದೆ, ಹೆರಿಗೆ ಕೋಣೆಯ ಬಾಗಿಲಿಗೂ ಮೆಟ್ಟಿಲಿಗೂ ನಡುವೆ, ಬಾಗಿಲಷ್ಟೇ ಎತ್ತರ. ಹೋದ ವಾರ ಫೋನಿನಲ್ಲಿ ಹರಿಪ್ರಿಯಾ, ನಿಂದು, ಒಯ್ಯು, ನನ್ನನ್ನೇನು ಕೇಳತೀ ಎಂದಳು, ಹಾಗೆಯೇ, ಒಯ್ಯೂಕಿಂತ ಮೊದಲ ಅಲ್ಲೇ ಒಂದು ತಾಸು ಕೂಡು ಎಂದಳು, ಯಾಕೆ ಎಂದು ಹೇಳಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತಿದ್ದಾಳೆ ಈಗ, ಕೂತರೆ ಕಾಣುವುದು ಈ ಹಳದಿ, ಸರಿ, ಒರೆಸಿದರಾಯಿತು, ಹತ್ತಿಯನ್ನು ತುಸು ತೇವ ಮಾಡಿ ಮೆಲ್ಲಗೆ ಉರುಳಿಸಬೇಕು, ತಿಕ್ಕಬಾರದು, ತಿಕ್ಕಿದರೆ ಕೆಮ್ಮಣ್ಣೇ ಎದ್ದುಬರುತ್ತದೆ — ನರ್ಸಿನ ಕೈಯಿಂದ ಹತ್ತಿ ಇಸಿದುಕೊಂಡು ಚಿತ್ರದ ಮುಂದೆ ಕೂತಳು, ನರ್ಸಿನ ಎದೆಯ ಮೇಲೆ ಭಾಗ್ಯಾ ಎಂದು ಹೆಸರಿನ ಪಟ್ಟಿ, ಯಾರಿಗೆ ಗಾಯ ಆಗೇತ್ರಿ ಮೇಡಂ ಎಂದು ಕೇಳಿದವಳು ಹಿಂದೆಯೇ ಬಂದಳು, ಏ, ಅದನ್ನ ಒರಸಬ್ಯಾಡ್ರಿ, ಅದು ಹೊಸ್ತಲ ಐತ್ರಿ.

ಹೊಸ್ತಿಲು. ಹೌದ್ರಿ, ಈ ದವಾಖಾನಿಯೊಳಗ ಎಲ್ಲೂ ಹೊಸ್ತಲ ಇಲ್ಲ ನೋಡ್ರಿ, ಗಾಲಿ ಮಂಚ ತಳ್ಳಾಕ ಅಡ್ಡ ಆಗತೈತಂತ ಡಾಕ್ಟರ್ ಬಾಯಾರು ಒಂದ ಬಾಗಲಕ್ಕೂ ಹೊಸ್ತಲ ಕುಂದ್ರಿಸಿಲ್ಲ, ಕೂಸಿನ್ನ ಮನಿಗೆ ಒಯ್ಯೂಮುಂದ ಹೊಸ್ತಲಕ್ಕ ಅರಿಷಿಣ ಕುಂಕಮ ಹಚ್ಚದ ಹೆಂಗ ಹೋಗ್ತಾರ್ರಿ, ಮೊದಲ ಯಾರು ಹಚ್ಚಿದ್ರೋ ಗೊತ್ತಿಲ್ಲ, ಈಗ ಎಲ್ಲಾರೂ ಇದಕ್ಕ ಹಚ್ಚತಾರು, ಕಿತ್ತೂರು ಕಡಿಯವರೂ ಬಂದು ಕೇಳತಾರು, ಹೊಸ್ತಲ ಯಾ ಕಡೆ ಐತ್ರಿ ಅಂತ — ಭಾಗ್ಯಾ ಹೇಳುತ್ತಲೇ ಇದ್ದಾಳೆ, ಇದ್ರ ಮುಂದ ಯಾರೂ ಕುಂದ್ರೂದಿಲ್ರಿ, ಬಾಕ ಇಲ್ಲೇ ಇತ್ತು, ಮಂದೀನ ಆ ಕಡೆ ಸರಿಸಿದ್ರು, ಎಲಿ ಅಡಿಕಿ ಉಗುಳೂದಂತೂ ದೂರನ ಉಳೀತು, ಗಂಡಸರು ಬ್ಯಾರೇರಿ, ಅವರು ಹಚ್ಚೂದಿಲ್ಲ, ಒಳಗ ಹೆಣತಿಗೆ ತ್ರಾಸ ಆದ್ರ ಇದ್ರ ಕಡೆ ಮಾರಿ ಮಾಡಿ ನಿಂತಬಿಡ್ತಾರು, ಕಿಡಕ್ಯಾಗ ನಿಂತ್ರ ಓಣಿ ಮಂದಿ ನೋಡತೈತಿ, ಇಲ್ಲಿ ನಿಂತ್ರ ಕಣ್ಣೀರು ಯಾರಿಗೂ ಕಾಣೂದಿಲ್ಲ, ನಾವೂ ಕರಿಯಾಕ ಹೋಗೂದಿಲ್ಲ. ಜ್ಯೋತ್ಸ್ನಾ ಹತ್ತಿಯನ್ನು ಮುಷ್ಟಿಯಲ್ಲಿಟ್ಟು ಬೆಂಚಿಗೆ ಮರಳಿದಳು, ನಗಬೇಕೋ ಬಿಡಬೇಕೋ, ಹೊಸ್ತಿಲಂತೆ, ಇವರಿಗೆ ಇದು ಚಿತ್ರವೆಂದೇ ಗೊತ್ತಿಲ್ಲ, ಚಿತ್ರವೆಂದು ಗೊತ್ತಿದ್ದವರು ಏನು ಮಾಡಿದ್ದರು, ಕೆಂಪಂಚಿನ ಸೀರೆ ಮಾಡಿದ್ದರು, ಇವರು ಗೊತ್ತಿಲ್ಲದೆ ಅದರ ಮುಂದೆ ಕಾಲು ತಡೆದು ನಿಂತರು, ಯಾರೂ ಕಲಿಸಲಿಲ್ಲ, ಗೋಡೆಗೆ ಚೀಟಿ ಅಂಟಿಸಲಿಲ್ಲ, ಬಣ್ಣವೇ ಹೇಳಿತು, ಹೊಸ್ತಿಲಿಗೆ ಬಳಿಯುವ ಆ ಕೆಮ್ಮಣ್ಣೇ ಹೇಳಿತು, ಬಣ್ಣ ಹೇಳಿದ್ದನ್ನು ಇವರು ಕೇಳಿದರು — ಅವ್ವ ಕೇಳಿದಂತೆಯೇ, ಅಯ್ಯೋ, ಅವ್ವ, ಆ ಬಲಗಾಲು, ನೆರಿಗೆ ಎತ್ತಿ ಒಂದು ಗಳಿಗೆ ತಡೆಯುತ್ತಿದ್ದದ್ದು ಮಡಿಗಲ್ಲ, ಅವ್ವ ಹೊಸ್ತಿಲು ದಾಟುತ್ತಿದ್ದಳು, ಕೆಳಗಿಂದು ಛಲೋ ಬಂದದ ಎಂದದ್ದು ಅದಕ್ಕೇ, ಮೊದಲು ನೋಡಿದವಳು ಅವಳೇ, ಒಂದೇ ಮಾತಿನಲ್ಲಿ ಎಲ್ಲ ಹೇಳಿ ನೀರಿಗೆ ಹೋದಳು. ಈಗ ಅವ್ವ ಇಲ್ಲ, ಇದ್ದಿದ್ದರೆ ಇವತ್ತು ಊರಿಗೆ ಹೋಗಿ ಹೇಳಬಹುದಿತ್ತು.

ಒಬ್ಬ ಬಂದ, ಅಂಗಿಯ ತೋಳು ಮಡಚಿದವ, ಕಾಲಲ್ಲಿ ಹೊಲದ ಕೆಸರು ಇನ್ನೂ ಇದೆ, ಬಂದವನೇ ಚಿತ್ರದ ಎದುರು ನಿಂತ, ಕೈ ಹಿಂದೆ ಕಟ್ಟಿ, ವಾಚನಾಲಯದ ಮಹಡಿಯಲ್ಲಿ ಹೀಗೆ ನಿಂತವರು ಒಬ್ಬರಿಲ್ಲ, ಅವನ ಕಣ್ಣು ಎಲ್ಲಿದೆ, ನಡುವಿನ ನೀಲಿಯಲ್ಲಿ, ಅದರ ಅಂಚು ಬೂದಿಗೆ ಕರಗುವಲ್ಲಿ, ಅಲ್ಲಿಗೆ ತಾನು ಒಣ ಬ್ರಷ್ಷಿನಿಂದ ಎಷ್ಟು ದಿನ ಸವರಿದ್ದೆ, ಯಾರ ಕಣ್ಣಿಗೂ ಬೀಳದು ಎಂದು ಗೊತ್ತಿದ್ದೂ ಸವರಿದ್ದೆ, ಅವನ ಕಣ್ಣು ಅಲ್ಲೇ ನಿಂತಿದೆ, ಹೆಗಲು ಒಂದು ಸಲ ಅಲುಗಿತು, ಇನ್ನೊಂದು ಸಲ, ಭಾಗ್ಯಾ ತಲೆ ಬಗ್ಗಿಸಿ ಬೇರೆ ಕಡೆಯಿಂದ ಹಾದುಹೋದಳು, ಒಳಗಿಂದ ಯಾರೋ ಹೆಸರು ಹಿಡಿದು ಕೂಗಿದರು, ಸಂದೀಪ, ಅವನು ಮುಖ ಒರೆಸಿಕೊಂಡು ಓಡಿದ. ಅವನಿಗೆ ಏನು ಕಂಡಿತೋ, ಕೇಳುವ ಹಾಗಿಲ್ಲ, ಕೇಳಬೇಕೆಂದೂ ಇಲ್ಲ, ಅವನು ಬಂದನಲ್ಲ, ನಿಂತನಲ್ಲ, ಅವಳಿಗೆ ಅಷ್ಟು ಸಾಕು, ಇದಕ್ಕೆ ಕೃತಜ್ಞತೆ ಎಂದೇ ಅನ್ನಬೇಕು, ಆ ಹೆಸರಿಲ್ಲದ ಬೆರಳುಗಳಿಗೆಲ್ಲ, ಮೊದಲು ಹಚ್ಚಿದ ಆ ಯಾವಳಿಗೋ, ಒಂದು ತಾಸು ಕೂಡು ಎಂದ ಹರಿಪ್ರಿಯಾಳಿಗೆ, ಒಂದು ಗೋಡೆ ಬೇಕೆಂದು ತಾನು ಬೆಂಗಳೂರಿಗೆ ಹೊರಟರೆ ಇಲ್ಲಿ ಇಷ್ಟು ವರ್ಷದಿಂದ ಒಂದು ಗೋಡೆ ತನ್ನದಾಗಿತ್ತು, ಯಾರೂ ಹೇಳಲಿಲ್ಲವಲ್ಲ. ಆದರೆ — ಆದರೆ ಶೈಲಜಾ, ಸಂಜೆಯೊಳಗೆ ಗಾಡಿಗೆ ಹಾಕ್ತೀರಲ್ಲ ಮೇಡಂ, ಅಲ್ಲಿಯ ಜನ, ಬಲ್ಲವರು, ಬೆಳಕು, ಗೋಡೆಯ ಮೇಲೆ ತನ್ನ ಹೆಸರು, ಆಸೆ ಇಲ್ಲವೆಂದರೆ ಸುಳ್ಳು, ಆಸೆ ಬೆಟ್ಟದಷ್ಟಿದೆ, ಒರೆಸದೆಯೇ ಒಯ್ದರೆ, ಹಳದಿ ಸಮೇತ, ಅಲ್ಲಿ ಅದನ್ನೂ ಹೊಗಳುತ್ತಾರೆ, ಆಮೇಲೆ ಇಲ್ಲಿ ಈ ಗೋಡೆಯ ಎದುರು ಒಂದು ಕೂಸನ್ನು ಎತ್ತಿಕೊಂಡು ಬಂದವರು ಹೊಸ್ತಲ ಎಲ್ಲಿ ಹೋತ್ರಿ ಎಂದು ನಿಂತರೆ. ಮುಷ್ಟಿಯೊಳಗೆ ಹತ್ತಿ ಬೆವರಿಗೆ ಒದ್ದೆಯಾಗಿದೆ.

ಹೆರಿಗೆ ಕೋಣೆಯ ಕಡೆಯಿಂದ ಬಂದರು, ಮುಂದೆ ಮುದುಕಿ, ಎರಡು ಕೈಯಲ್ಲಿ ಕೂಸು, ಹಿಂದೆ ಕಿವಿಗೆ ಬಟ್ಟೆ ಕಟ್ಟಿಕೊಂಡ ಮಗಳು, ಗೋಡೆ ಹಿಡಿದು ಒಂದೊಂದೇ ಹೆಜ್ಜೆ, ಹೊಲಿಗೆ ಹಾಕಿದ್ದಾರೆ, ಬೆನ್ನು ನೆಟ್ಟಗಾಗುತ್ತಿಲ್ಲ — ನಿಂದ್ರ ರೇಣು, ಹೊಸ್ತಲಕ್ಕ ಹಚ್ಚಿ ಹೋಗೂಣು ಎಂದಿತು ಮುದುಕಿ, ಮಗಳು ಬಗ್ಗಲು ನೋಡಿ ಹಲ್ಲು ಕಚ್ಚಿದಳು, ಬ್ಯಾಡ ಬ್ಯಾಡ, ಹಸಿಬಾಣಂತಿ, ಬಗ್ಗಬ್ಯಾಡ, ಮುದುಕಿ ಕೂಸನ್ನು ಎಲ್ಲಿಡಬೇಕೆಂದು ಅತ್ತಿತ್ತ ನೋಡಿತು, ನೋಡಿದ ಕಣ್ಣು ಬೆಂಚಿನ ಮೇಲೆ ಕೂತ ಜ್ಯೋತ್ಸ್ನಾಳ ಮೇಲೆ ಬಂದು ನಿಂತಿತು. ಬಾಯಾರ, ಒಂದೀಟ ನೀವ ಹಚ್ಚತೀರೇನ್ರಿ, ಆಕಿಗೆ ಬಗ್ಗಾಕ ಬರೂದಿಲ್ಲ, ನನ್ನ ಮೊಣಕಾಲ ಮಡಚಿದ್ರ ಏಳೂದಿಲ್ಲ, ಸಾಲಹಳ್ಳಿಯಿಂದ ಬಂದೇವ್ರಿ, ಶೆಟ್ಟೆವ್ವ ಅಂತಾರು ನನಗ, ಎರಡು ಕೂಸು ಕೈಗೆ ಹತ್ತಲಿಲ್ಲ ಈಕಿಗೆ, ಈ ಡಾಕ್ಟರ್ ಬಾಯಾರ ಕೈಗುಣಾ, ಇದೊಂದು ಅಳಾಕತ್ತೈತಿ ನೋಡ್ರಿ, ಹೋದ ಸಲ ಬರೇ ಕೈಲೆ ಹೋದ್ವಿ, ಆವಾಗೂ ಇದ್ರ ಮುಂದನ ಹೋದ್ವಿ, ಹಚ್ಚಲಿಲ್ಲ, ಮುಂದಿನ ಸಲ ಹಚ್ಚತೇನಿ ತಾಯಿ ಅಂದಿದ್ದೆ, ಹಂಗ ಹೋಗಬಾರದ್ರಿ. ಜ್ಯೋತ್ಸ್ನಾ ಬಾಯಿ ತೆರೆದಳು, ಇದು ಹೊಸ್ತಿಲಲ್ಲ ಎನ್ನಲಿಕ್ಕೋ, ಇದನ್ನು ಬರೆದವಳು ನಾನು ಎನ್ನಲಿಕ್ಕೋ, ಹೊರಗೆ ಪರಸಪ್ಪ ಟೆಂಪೋದ ಹಿಂದಿನ ಹಲಗೆ ಬಿಚ್ಚಿದ ಸಪ್ಪಳ, ಚೀಲದೊಳಗೆ ಫೋನು ನಡುಗಿತು, ಕೂಸು ಅಳು ನಿಲ್ಲಿಸಿ ಮೇಲಿನ ಬೂದಿ ಬಣ್ಣವನ್ನೋ ಕಿಟಕಿಯನ್ನೋ ನೋಡುತ್ತಿದೆ, ಕೊಡ್ರಿ ಎಂದದ್ದು ತಾನೇ, ದನಿ ಬೇರೆ ಯಾರದೋ ಅನಿಸಿತು. ರೇಣು ಸೆರಗಿನ ಗಂಟು ಬಿಚ್ಚಿ ಅರಿಶಿಣದ ಪುಡಿ ತನ್ನ ಅಂಗೈಗೆ ಹಾಕಿ ಬಾಟಲಿಯ ನೀರು ಹನಿಸಿ ಮುಂದೆ ಹಿಡಿದಳು.

ಬೆರಳಲ್ಲಿ ಕಲಸಿದರೆ ಅದೇ ತಂಪು, ಅದೇ ವಾಸನೆ, ಅವ್ವನ ಮುಂಜಾನೆಯ ವಾಸನೆ, ಬಗ್ಗಿದಳು, ಎಷ್ಟು ವರ್ಷವಾಯಿತು ಈ ಚಿತ್ರದ ಮುಂದೆ ಹೀಗೆ ಬಗ್ಗಿ, ಆಗ ಎಲ್ಲಿಡಬೇಕೆಂದು ಗೊತ್ತಾಗದೆ ಬ್ರಷ್ಷು ಗಾಳಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತಿತ್ತು, ಈಗ ಬೆರಳಿಗೆ ಜಾಗ ಗೊತ್ತು, ಒಣಗಿದ ಗೆರೆಗಳ ನಡುವೆ ಒಂದಿಷ್ಟು ಕೆಂಪು ಖಾಲಿಯಿತ್ತು, ಅಲ್ಲಿಟ್ಟು ಎಳೆದಳು, ಕೆಮ್ಮಣ್ಣು ನೀರನ್ನು ಕುಡಿಯಿತು, ಹಳದಿ ನಿಂತಿತು, ಇನ್ನೊಂದು, ಇನ್ನೊಂದು, ನಡುವೆ ರೇಣು ಕೊಟ್ಟ ಕುಂಕುಮ, ಇದು ಕೂಡಿಬಂತು, ಯಾವ ಬಣ್ಣವನ್ನು ಹಚ್ಚಿದಾಗಲೂ ಹೀಗೆ ಅನುಮಾನವಿಲ್ಲದೆ ಕೂಡಿಬಂದಿರಲಿಲ್ಲ, ಆ ಟೊಪ್ಪಿಗೆಯ ಮುದುಕರು ಎಲ್ಲಿದ್ದಾರೋ, ಇದ್ದರೆ ಕರೆತಂದು ತೋರಿಸಬೇಕು, ಮುಗಿಸಲಿಕ್ಕೆ ಹತ್ತೇವ್ರಿ ಅಜ್ಜಾರ, ನಾನೊಬ್ಬಾಕೆ ಅಲ್ಲ, ಎಲ್ಲಾರೂ ಕೂಡಿ. ಶೆಟ್ಟೆವ್ವ ಕೂಸಿನ ಹಣೆಯನ್ನು ಚಿತ್ರದ ಕಡೆಗೆ ತುಸು ಬಾಗಿಸಿ, ನಿಮ್ಮ ಹೊಟ್ಟಿ ತಣ್ಣಗಿರಲಿ ಬಾಯಾರ ಎಂದು ಮಗಳ ರಟ್ಟೆ ಹಿಡಿದು ಮೆಟ್ಟಿಲ ಕಡೆ ನಡೆಯಿತು, ರೇಣು ಒಮ್ಮೆ ತಿರುಗಿ ನೋಡಿದಳು, ಜ್ಯೋತ್ಸ್ನಾಳನ್ನಲ್ಲ, ಚಿತ್ರವನ್ನು. ಪರಸಪ್ಪ ಬಂದ, ಹೆಗಲಿಗೆ ಹಗ್ಗ, ಕಂಕುಳಲ್ಲಿ ಕೌದಿ, ಎತ್ತೂಣೇನ್ರಿ ಅಕ್ಕಾರ, ತಡಾ ಆಗತೈತಿ, ಫೋನು ಮತ್ತೆ ನಡುಗಿತು, ನಡುಗಿ ನಡುಗಿ ನಿಂತಿತು, ಅವಳು ಏಳಲಿಲ್ಲ, ಎಡಗೈಯ ಮುಷ್ಟಿ ಬಿಚ್ಚಿದಳು, ಹತ್ತಿ ನೆಲಕ್ಕೆ ಬಿತ್ತು, ಪರಸಪ್ಪ ಎರಡು ಕೈಯನ್ನೂ ಚಿತ್ರದ ಅಂಚಿಗೆ ಹಾಕಿದ್ದಾನೆ, ಅವನ ಹೆಬ್ಬೆರಳು ಹಳೆಯ ಹೆಬ್ಬೆರಳಿನ ಗುರುತಿನ ಮೇಲೆಯೇ ಇದೆ — ಬ್ಯಾಡ ಪರಸಪ್ಪ, ಎತ್ತಬ್ಯಾಡ, ಹಸಿ ಅದ. ಅವನು ಕೈ ತೆಗೆದ, ಕಿವಿ ಮುಟ್ಟಿಕೊಂಡ, ಯಾವಾಗ ಒಣಗತೈತ್ರಿ ಎಂದ, ಅವಳು ನೋಡುತ್ತಿದ್ದಳು, ನಾಳೆ ಇದು ಒಣಗೀತು, ಆದರೆ ನಾಳೆ ಇನ್ನೊಂದು ಕೂಸು, ನಾಡಿದ್ದು ಇನ್ನೊಂದು, ಕೆಂಪಿನ ಮೇಲೆ ಹಳದಿ, ಒಣಗಿದ ಗೆರೆಗಳ ನಡುವೆ ತನ್ನದೊಂದು, ಮಿನುಗುತ್ತ, ಹಸಿ, ಇನ್ನೂ ಹಸಿ, ಆ ಹಳದಿ.